ಪರದೆಯ ಚುಕ್ಕಿಗಳೂ ಆಟದ ಸುಖವೂ

ವಿಡಿಯೋ ಆಟಗಳಲ್ಲಿ ಹಲವು ಜಾತಿಗಳುಂಟು. ಅವುಗಳಲ್ಲಿ ರೋಲ್-ಪ್ಲೇಯಿಂಗ್ ಆಟ, ಅಂದರೆ ಪಾತ್ರಧಾರಣೆಯ ಆಟ, ಎಂಬುದೊಂದು. ಆಡುವವಳು ಇದರಲ್ಲಿ ಕತ್ತಿ ಹಿಡಿದ ವೀರಳ ಇಲ್ಲವೆ ಮಂತ್ರ ಬಲ್ಲ ವೃದ್ಧನ ವೇಷವನ್ನು ತಾಳಿ, ಡ್ರ್ಯಾಗನ್‌ಗಳೂ ದೈತ್ಯರೂ ಮಾಟದ ಕೋಟೆಗಳೂ ತುಂಬಿರುವ ಕಲ್ಪಿತ ಲೋಕದಲ್ಲಿ ಸಂಚರಿಸುತ್ತಾಳೆ; ಊರೂರಿಗೆ ಹೋಗಿ ಜನರೊಡನೆ ಮಾತಾಡುತ್ತಾಳೆ; ತನ್ನ ನಿರ್ಧಾರಗಳ ಫಲವನ್ನು ತಾನೇ ಉಣ್ಣುತ್ತಾಳೆ. ದೊಡ್ಡ ಆಟವೊಂದನ್ನು ಮುಗಿಸುವುದಕ್ಕೆ ನೂರು ತಾಸುಗಳು ಹಿಡಿಯುವುದೂ ಉಂಟು.

ಇಂಥ ಆಟವನ್ನು ತೆರೆದೊಡನೆ ಕಥೆಗಿಂತ ಮುಂಚೆ ನಮ್ಮನ್ನು ಎದುರುಗೊಳ್ಳುವುದು "ಸೆಟ್ಟಿಂಗ್ಸ್" ಎಂಬ ಪುಟ. ಚಿತ್ರವು ಎಷ್ಟು ನಯವಾಗಿರಬೇಕು, ಚಲನೆಯು ಎಷ್ಟು ಚುರುಕಾಗಿರಬೇಕು ಎಂದು ಅದು ಕೇಳುತ್ತದೆ. ಎರಡೂ ಪೂರ್ಣವಾಗಿ ಇರಲಿ ಎಂಬುದು ಎಲ್ಲರ ಮನಸ್ಸು; ಆದರೆ ಯಂತ್ರದ ಶಕ್ತಿಗೆ ಮಿತಿಯುಂಟು. ಬೆಲೆಯುಳ್ಳ ಯಂತ್ರವಿಲ್ಲದವರಿಗೆ ಈ ಆಟಗಳ ನಿಜವಾದ ಸುಖವು ದೊರಕದು ಎಂಬ ಮಾತನ್ನು ಅನೇಕರು ನಂಬಿರುವುದರಿಂದ, ಹಳೆಯ ಕಂಪ್ಯೂಟರುಳ್ಳ ಹುಡುಗಿಯು ತಾನು ಈ ಲೋಕಕ್ಕೆ ಹೊರಗಿನವಳೆಂದು ಕುಗ್ಗುವುದೂ, ತಾಯ್ತಂದೆಗಳಿಗೆ ಮೀರಿದ ವೆಚ್ಚವನ್ನು ಬೇಡುವುದೂ ನಡೆಯುತ್ತಿದೆ. ಆದಕಾರಣ ಚುಕ್ಕಿಗಳ ಸಂಖ್ಯೆಗೂ ಯಂತ್ರದ ವೇಗಕ್ಕೂ ಆಡುವವಳ ಸಂತೋಷಕ್ಕೂ ಇರುವ ಸಂಬಂಧವು ನಿಜವಾಗಿ ಎಂಥದು ಎಂಬುದನ್ನು ಈ ಪಾಠದಲ್ಲಿ ಕ್ರಮವಾಗಿ ವಿಚಾರಿಸೋಣ.

1. ಚುಕ್ಕಿಗಳ ಲೆಕ್ಕ

ಪರದೆಯ ಮೇಲಿನ ಚಿತ್ರವೆಲ್ಲ ಪಿಕ್ಸೆಲ್ ಎಂಬ ಸಣ್ಣ ಚುಕ್ಕಿಗಳಿಂದಾದದ್ದು. ಅಡ್ಡಕ್ಕೆ ಎಷ್ಟು ಚುಕ್ಕಿ, ಉದ್ದಕ್ಕೆ ಎಷ್ಟು ಚುಕ್ಕಿ ಎಂಬ ಲೆಕ್ಕಕ್ಕೆ ರೆಸೊಲ್ಯೂಷನ್ ಎಂದು ಹೆಸರು. ಧಾರವಾಡದ ಕಡೆಯ ಕಸೂತಿಯನ್ನು ಬಲ್ಲ ವಿದ್ಯಾರ್ಥಿನಿಯರಿಗೆ ಇದು ಸುಲಭವಾಗಿ ತಿಳಿದೀತು. ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ. ನೂಲಿನ ಎಳೆಗಳನ್ನು ಎಣಿಸಿಯೇ ಗೋಪುರವನ್ನೂ ತೇರನ್ನೂ ಆನೆಯನ್ನೂ ಎಬ್ಬಿಸುತ್ತಾರೆ. ಬಟ್ಟೆಯ ನೆಯ್ಗೆ ಒರಟಾಗಿದ್ದರೆ ಗೋಪುರದ ಓರೆಯು ಮೆಟ್ಟಿಲು ಮೆಟ್ಟಿಲಾಗಿ ಕಾಣುವುದು. ನೆಯ್ಗೆ ನವುರಾಗಿದ್ದರೆ ಓರೆಯು ನಯವಾಗುವುದು. ಆದರೆ ನವುರಾದ ಬಟ್ಟೆಯಲ್ಲಿ ಅದೇ ಅಳತೆಯ ಗೋಪುರಕ್ಕೆ ಹಾಕತಕ್ಕ ಹೊಲಿಗೆಗಳು ಹೆಚ್ಚು, ಹಿಡಿಯುವ ಕಾಲವೂ ಹೆಚ್ಚು. ಪರದೆಯ ವಿಷಯದಲ್ಲಿಯೂ ನಿಯಮವು ಇದೇ.

ಸಂಖ್ಯೆಗಳನ್ನು ನೋಡಿರಿ. 640×480 ಎಂಬ ಅಳತೆಯ ಪರದೆಯಲ್ಲಿ 3,07,200 ಚುಕ್ಕಿಗಳು. 1280×720ರಲ್ಲಿ 9,21,600. 1920×1080ರಲ್ಲಿ 20,73,600. "4ಕೆ" ಎಂದು ಕರೆಯಲ್ಪಡುವ 3840×2160ರಲ್ಲಿ 82,94,400. ಅಡ್ಡವೂ ಉದ್ದವೂ ಒಂದೊಂದು ಎರಡರಷ್ಟಾದಾಗ ಚುಕ್ಕಿಗಳು ನಾಲ್ಕರಷ್ಟಾಗುತ್ತವೆ ಎಂಬುದನ್ನು ಮರೆಯಬಾರದು. ಅಂಗಡಿಯವನು ಹೇಳುವ ಹೆಸರು ಎರಡರಷ್ಟಾದರೆ ಯಂತ್ರವು ಹೊರುವ ಹೊರೆಯು ನಾಲ್ಕರಷ್ಟರ ಸಮೀಪಕ್ಕೆ ಹೋಗುತ್ತದೆ.

2. ಕಾಲದ ಲೆಕ್ಕ

ಆಟದ ಚಿತ್ರವು ಒಮ್ಮೆ ಬರೆದು ತೂಗುಹಾಕುವ ಪಟದಂಥದಲ್ಲ. ಆಟಗಾರ್ತಿ ತಲೆ ತಿರುಗಿಸಿದ ಹಾಗೆಲ್ಲ ಅದನ್ನು ಹೊಸದಾಗಿ ಬರೆಯಬೇಕು. ಹೀಗೆ ಬರೆದ ಒಂದೊಂದು ಚಿತ್ರಕ್ಕೆ ಫ್ರೇಮ್ ಎಂದು ಹೆಸರು. ಸೆಕೆಂಡಿಗೆ 30 ಚಿತ್ರಗಳು ಬೇಕಾದರೆ ಒಂದೊಂದಕ್ಕೆ ದೊರೆಯುವ ಕಾಲ ಸುಮಾರು 33 ಮಿಲಿಸೆಕೆಂಡು. 60 ಬೇಕಾದರೆ ಸುಮಾರು 17 ಮಿಲಿಸೆಕೆಂಡು ಮಾತ್ರ. ಮಿಲಿಸೆಕೆಂಡೆಂದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲು. ಅಷ್ಟರೊಳಗೆ ಕಾಡಿನ ಎಲೆಗಳು, ನೀರಿನ ಹೊಳಪು, ದೀಪದ ನೆರಳು, ಶತ್ರುವಿನ ಹೆಜ್ಜೆ ಇವೆಲ್ಲವೂ ತೀರಬೇಕು. ಆ ಕಾಲವು ನಮ್ಮ ಹಾಸಿಗೆ. ಚುಕ್ಕಿಗಳು ನಮ್ಮ ಕಾಲು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಇಲ್ಲಿ ಅಕ್ಷರಶಃ ಸತ್ಯ.

ಎಣಿಕೆಯ ಜೊತೆಗೆ ಸಮತೆಯನ್ನೂ ನೋಡತಕ್ಕದ್ದು. ಒಂದು ಸೆಕೆಂಡಿನ ಮೊದಲರ್ಧದಲ್ಲಿ 59 ಚಿತ್ರಗಳು ಬಂದು, ಉಳಿದರ್ಧವೆಲ್ಲ ಒಂದೇ ಚಿತ್ರವು ಕಲ್ಲಿನಂತೆ ನಿಂತಿತೆಂದು ಭಾವಿಸಿರಿ. ಲೆಕ್ಕದ ಪುಸ್ತಕದಲ್ಲಿ ಅದು ಸೆಕೆಂಡಿಗೆ 60 ಎಂದೇ ಬರೆಯಲ್ಪಡುವುದು. ಆಡುವವಳಿಗಾದರೋ ಆಟವು ಮುಗ್ಗರಿಸಿದಂತಾಗುವುದು. ಮದ್ದಳೆಯ ಪೆಟ್ಟು ಒಮ್ಮೆ ಮುಂದಾಗಿ ಒಮ್ಮೆ ಹಿಂದಾದರೆ, ಒಟ್ಟು ಪೆಟ್ಟುಗಳು ಸರಿಯಾಗಿದ್ದರೂ ಕುಣಿಯುವವರ ಹೆಜ್ಜೆ ತಪ್ಪುವುದಷ್ಟೆ. 2022ರಲ್ಲಿ "ಎಲ್ಡನ್ ರಿಂಗ್" ಎಂಬ ಪ್ರಸಿದ್ಧ ಆಟದ ಕಂಪ್ಯೂಟರ್ ಆವೃತ್ತಿಯು ಹೊರಬಂದಾಗ ಆಟಗಾರರು ಬೇಸರಪಟ್ಟದ್ದು ಇದೇ ಕಾರಣದಿಂದ: ಸಾಮಾನ್ಯವಾಗಿ ಚೆನ್ನಾಗಿ ಓಡುತ್ತಿದ್ದ ಆಟವು ನಡುನಡುವೆ ಕ್ಷಣಕಾಲ ತಡೆದು ನಿಲ್ಲುತ್ತಿತ್ತು.

ಪರದೆಗೂ ತನ್ನದೇ ಆದ ಒಂದು ತಾಳವುಂಟು. ಸಾಮಾನ್ಯ ಪರದೆಯು ಸೆಕೆಂಡಿಗೆ 60 ಸಲ ಚಿತ್ರವನ್ನು ಹೊಸದು ಮಾಡುತ್ತದೆ. ಯಂತ್ರವು 30 ಚಿತ್ರ ಕೊಟ್ಟರೆ ಒಂದೊಂದು ಚಿತ್ರವು ಎರಡು ಸಲ ತೋರಿ ಸಮವಾಗುವುದು. 40 ಕೊಟ್ಟರೆ ಒಂದು ಚಿತ್ರ ಒಂದು ಸಲ, ಇನ್ನೊಂದು ಎರಡು ಸಲ ತೋರಿ ಚಲನೆಯು ಕುಂಟುವುದು. ಅದೇ 40 ಚಿತ್ರಗಳು ಸೆಕೆಂಡಿಗೆ 120 ಸಲ ಬದಲಾಗುವ ಪರದೆಯಲ್ಲಿ ಮೂರು ಮೂರು ಸಲ ತೋರಿ ಮತ್ತೆ ಸಮವಾಗುವುವು. ಹೀಗೆ ಸಂಖ್ಯೆ ಒಂದೇ ಆಗಿದ್ದರೂ ಸುಖವು ಬೇರೆಯಾಗುತ್ತದೆ.

3. ಇಬ್ಬರು ಕೆಲಸಗಾರರು

ಯಂತ್ರದೊಳಗೆ ಮುಖ್ಯವಾಗಿ ಇಬ್ಬರು ಕೆಲಸಗಾರರಿದ್ದಾರೆಂದು ತಿಳಿಯಿರಿ. ಒಬ್ಬನು ಗ್ರಾಫಿಕ್ಸ್ ಪ್ರೊಸೆಸರ್. ಚುಕ್ಕಿಗಳಿಗೆ ಬಣ್ಣ ತುಂಬುವುದು ಅವನ ಕೆಲಸ. ಇನ್ನೊಬ್ಬನು ಮುಖ್ಯ ಪ್ರೊಸೆಸರ್, ಅಂದರೆ ಸಿಪಿಯು. ಯಾರು ಎಲ್ಲಿ ನಿಂತಿದ್ದಾರೆ, ಶತ್ರುವು ಏನು ಯೋಚಿಸುತ್ತಿದ್ದಾನೆ, ಉರುಳಿದ ಕಲ್ಲು ಎಲ್ಲಿ ಬೀಳಬೇಕು ಎಂಬ ಲೆಕ್ಕಗಳು ಅವನ ಪಾಲು. ಚುಕ್ಕಿಗಳನ್ನು ಕಡಿಮೆ ಮಾಡಿದರೆ ಮೊದಲನೆಯವನ ಹೊರೆ ಇಳಿಯುತ್ತದೆ. ಎರಡನೆಯವನಿಗೆ ಅದರಿಂದ ಆಗುವ ಲಾಭ ಅತ್ಯಲ್ಪ.

ಈ ಭೇದವನ್ನರಿಯದೆ ಅನೇಕರು ವ್ಯರ್ಥವಾಗಿ ಕಷ್ಟಪಡುತ್ತಾರೆ. 2024ರ ಮಾರ್ಚಿಯಲ್ಲಿ ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯು ಹೊರತಂದ "ಡ್ರ್ಯಾಗನ್ಸ್ ಡಾಗ್ಮಾ 2" ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಪಟ್ಟಣಗಳಲ್ಲಿ ಜನರು ತುಂಬಿ ಓಡಾಡುತ್ತಿರುತ್ತಾರೆ. ಒಬ್ಬೊಬ್ಬ ಊರವನ ಇರವಿಗೂ ಸಿಪಿಯುವಿನ ಶಕ್ತಿ ವೆಚ್ಚವಾಗುತ್ತಿತ್ತು. ಬಯಲಿನಲ್ಲಿ ಚೆನ್ನಾಗಿ ಓಡಿದ ಆಟವು ಪೇಟೆಯ ಬಾಗಿಲನ್ನು ಹೊಕ್ಕಕೂಡಲೆ ನಿಧಾನವಾಗುತ್ತಿತ್ತು. ರೆಸೊಲ್ಯೂಷನ್ ಇಳಿಸಿದರೂ ಹೆಚ್ಚು ಫಲ ಸಿಕ್ಕಲಿಲ್ಲ. ಚಿತ್ರಗಾರನ ಭಾರವನ್ನು ಇಳಿಸಿದ ಮಾತ್ರಕ್ಕೆ ಲೆಕ್ಕಿಗನ ಕೈ ಚುರುಕಾಗುವುದೇ? 2023ರ "ಬಾಲ್ಡರ್ಸ್ ಗೇಟ್ 3" ಎಂಬ ಆಟದಲ್ಲಿಯೂ ಕಥೆಯು ಮೂರನೆಯ ಅಂಕದಲ್ಲಿ ದೊಡ್ಡ ನಗರವನ್ನು ಸೇರಿದಾಗ ಇಂಥದೇ ತೊಡಕು ಕಂಡುಬಂತು.

ಯಾವ ಕೆಲಸಗಾರನು ಬಳಲಿದ್ದಾನೆಂದು ತಿಳಿಯುವ ಉಪಾಯ ಸರಳವಾದದ್ದು. ಆಟವು ನಿಧಾನವಾದ ಒಂದು ಸ್ಥಳದಲ್ಲಿ ನಿಂತುಕೊಂಡು ರೆಸೊಲ್ಯೂಷನನ್ನು ತಗ್ಗಿಸಿ ನೋಡಿರಿ. ವೇಗವು ಏರಿತಾದರೆ ಗ್ರಾಫಿಕ್ಸ್ ಪ್ರೊಸೆಸರೇ ಬಳಲಿದವನು. ಏರದಿದ್ದರೆ ಚಿತ್ರದ ನಯವನ್ನು ಕಳೆದುಕೊಂಡು ಪ್ರಯೋಜನವಿಲ್ಲ. ಜನಸಂದಣಿಯನ್ನೂ ದೂರದ ದೃಶ್ಯವನ್ನೂ ಕಡಿಮೆ ಮಾಡುವ ಆಯ್ಕೆಗಳಿದ್ದರೆ ಅವನ್ನು ಹುಡುಕತಕ್ಕದ್ದು.

4. ಹಳೆಯ ಆಟಗಳ ಸಾಕ್ಷ್ಯ

ಚುಕ್ಕಿಗಳಿಂದಲೇ ಸಂತೋಷವಾಗುವುದಾದರೆ ಹಳೆಯ ಆಟಗಳು ಯಾರನ್ನೂ ಸಂತೋಷಪಡಿಸಿರಲಾರವು. ಚರಿತ್ರೆಯು ಬೇರೆಯೇ ಹೇಳುತ್ತದೆ. 1986ರಲ್ಲಿ ಜಪಾನಿನ ಎನಿಕ್ಸ್ ಸಂಸ್ಥೆಯು "ಡ್ರ್ಯಾಗನ್ ಕ್ವೆಸ್ಟ್" ಎಂಬ ಆಟವನ್ನು ಹೊರತಂದಿತು. ಯೂಜಿ ಹೊರಿಯಿಯವರು ಅದನ್ನು ಯೋಜಿಸಿದರು. ಆಕಿರಾ ತೊರಿಯಾಮಾರವರು ಚಿತ್ರಗಳನ್ನು ಕಲ್ಪಿಸಿದರು. ಅದು ಓಡಿದ ಫ್ಯಾಮಿಕಾಂ ಯಂತ್ರದ ಚಿತ್ರವು 256×240 ಚುಕ್ಕಿಗಳದ್ದು, ಅಂದರೆ ಒಟ್ಟು 61,440. ಈಗಿನ 4ಕೆ ಚಿತ್ರವೊಂದರಲ್ಲಿ ಅಂಥ 135 ಚಿತ್ರಗಳು ಹಿಡಿಸುವುವು. ಇಡೀ ಆಟವೇ 64 ಕಿಲೋಬೈಟಿನೊಳಗೆ ಅಡಗಬೇಕಾಗಿದ್ದುದರಿಂದ ಲಿಪಿಯ ಅಕ್ಷರಗಳಲ್ಲಿಯೂ ಕೆಲವನ್ನೇ ಆಯ್ದುಕೊಂಡು ಕಥೆ ಬರೆದರು. ಹೀಗಿದ್ದರೂ ಕತ್ತಲೆಯ ಗವಿಯೊಳಗೆ ಪಂಜು ಹಚ್ಚಿದಾಗ ಸುತ್ತಲಿನ ಸ್ವಲ್ಪವೇ ನೆಲವು ಬೆಳಗುವುದು, ಆಚೆಯದೆಲ್ಲ ಕಪ್ಪಾಗಿಯೇ ಉಳಿಯುವುದು. ಆ ಕಪ್ಪಿಗೆ ಚುಕ್ಕಿಗಳ ವೆಚ್ಚವೇ ಇಲ್ಲ, ಆದರೆ ಭಯವು ಪೂರ್ಣವಾದದ್ದು. ಬಡತನವನ್ನೇ ಕಲೆಯನ್ನಾಗಿ ಮಾಡಿಕೊಂಡ ಈ ಆಟದಿಂದ ಜಪಾನಿನ ಪಾತ್ರಧಾರಣೆಯ ಆಟಗಳ ಒಂದು ದೊಡ್ಡ ಪರಂಪರೆಯೇ ಬೆಳೆಯಿತು.

ಚಪ್ಪಟೆ ಚಿತ್ರಗಳಿಂದಾದ ಆ ಕಾಲದ ಆಟಗಳಲ್ಲಿ ಇನ್ನೊಂದು ವಿಶೇಷವನ್ನು ಗಮನಿಸಬೇಕು. 2000ದಲ್ಲಿ ಬಂದ "ಡಯಾಬ್ಲೋ 2" ಮೊದಲು 640×480ರಲ್ಲಿ ಮಾತ್ರ ಓಡುತ್ತಿತ್ತು. 2001ರ ವಿಸ್ತರಣೆಯಲ್ಲಿ 800×600 ಸೇರಿತು. ಆಗ ಆದ ಬದಲಾವಣೆ ನಯದ ವಿಷಯದ್ದಲ್ಲ. ಪಾತ್ರದ ಬೊಂಬೆಯು ಇಂತಿಷ್ಟೇ ಚುಕ್ಕಿಗಳಿಂದ ಮೊದಲೇ ಬರೆದಿಟ್ಟದ್ದಾದುದರಿಂದ, ಪರದೆಯಲ್ಲಿ ಚುಕ್ಕಿಗಳು ಹೆಚ್ಚಾದಾಗ ಸುತ್ತಲಿನ ಭೂಮಿ ಹೆಚ್ಚು ಕಂಡಿತು, ದೂರದ ಶತ್ರುವು ಮೊದಲೇ ಕಣ್ಣಿಗೆ ಬಿದ್ದನು. ಅಂದರೆ ಆಟವೇ ಸ್ವಲ್ಪ ಬದಲಾಯಿತು. 1998ರ "ಬಾಲ್ಡರ್ಸ್ ಗೇಟ್" ಮುಂತಾದ ಚಪ್ಪಟೆ ಚಿತ್ರದ ಆಟಗಳನ್ನು ಇಂದಿನ ಸೂಕ್ಷ್ಮ ಪರದೆಯಲ್ಲಿ ಹಾಗೆಯೇ ಹಾಕಿದರೆ ಪಾತ್ರಗಳು ಇರುವೆಗಳಂತೆ ಸಣ್ಣವಾಗುವುದು ಈ ಕಾರಣದಿಂದಲೇ. 2012ರ ಪರಿಷ್ಕೃತ ಆವೃತ್ತಿಯಲ್ಲಿ ದೃಶ್ಯವನ್ನು ಹತ್ತಿರಕ್ಕೆಳೆಯುವ ಸೌಕರ್ಯವನ್ನು ಒದಗಿಸಬೇಕಾಯಿತು. ಮೂರು ಆಯಾಮದ ಆಟಗಳಲ್ಲಾದರೋ ನೋಟದ ಹರವು ಮೊದಲಿನಂತೆಯೇ ಇದ್ದು ಅಂಚುಗಳು ಮಾತ್ರ ನಯವಾಗುವುವು.

2021ರಲ್ಲಿ ಈ "ಡಯಾಬ್ಲೋ 2" ಆಟವನ್ನೇ ಹೊಸ ಚಿತ್ರಗಳಿಂದ ಸಿಂಗರಿಸಿ ಮತ್ತೆ ಹೊರತಂದರು. ಒಂದು ಕೀಲಿಯನ್ನು ಒತ್ತಿದರೆ ಹೊಸ ಚಿತ್ರವು ಹೋಗಿ ಹಳೆಯದು ಬರುವುದು. ಮತ್ತೆ ಒತ್ತಿದರೆ ಹೊಸದು. ಒಳಗಿನ ಆಟದ ಲೆಕ್ಕವು ಮಾತ್ರ ಸೆಕೆಂಡಿಗೆ 25 ಹೆಜ್ಜೆಗಳ ಹಳೆಯ ಲೆಕ್ಕವೇ. ಆತ್ಮವು ಒಂದು, ಉಡುಪು ಎರಡು. ಉಡುಪಿನ ಚೆಲುವು ಸುಖವನ್ನು ಹೆಚ್ಚಿಸುತ್ತದೆ, ಇಲ್ಲವೆನ್ನಲಾಗದು. ಆದರೆ ಜನರು ಇಪ್ಪತ್ತು ವರ್ಷಗಳ ಕಾಲ ಆ ಆಟಕ್ಕೆ ಅಂಟಿಕೊಂಡಿದ್ದುದು ಆ ಉಡುಪು ಬರುವುದಕ್ಕೆ ಮೊದಲೇ.

5. ವೇಗವು ನಿಯಮವನ್ನು ಕೆಡಿಸಿದ ಪ್ರಸಂಗಗಳು

ಹಾಗಾದರೆ ವೇಗವು ಹೆಚ್ಚಾದಷ್ಟೂ ಒಳ್ಳೆಯದೋ? ಅದನ್ನೂ ನಿರ್ಬಂಧವಿಲ್ಲದೆ ಒಪ್ಪಲಾಗದು. ಕೆಲವು ಆಟಗಳಲ್ಲಿ ಲೋಕದ ನಿಯಮಗಳನ್ನೇ ಚಿತ್ರಗಳ ಎಣಿಕೆಗೆ ಕಟ್ಟಿಹಾಕಿರುತ್ತಾರೆ. 2011ರ ನವಂಬರದಲ್ಲಿ ಬಂದ "ಸ್ಕೈರಿಮ್" ಆಟವನ್ನು ಸೆಕೆಂಡಿಗೆ 60 ಚಿತ್ರಗಳಿಗಿಂತ ಬಹಳ ಮೇಲೆ ಓಡಿಸಿದರೆ ವಸ್ತುಗಳ ಚಲನೆಯ ಲೆಕ್ಕವು ತಪ್ಪಿ, ಮೇಜಿನ ಮೇಲಿನ ತಟ್ಟೆ ಬಟ್ಟಲುಗಳು ತಾವಾಗಿಯೇ ಹಾರಿಬೀಳುತ್ತಿದ್ದವು. 2014ರ "ಡಾರ್ಕ್ ಸೋಲ್ಸ್ 2" ಆಟದ ಕಥೆ ಇನ್ನೂ ವಿನೋದವಾದದ್ದು. ಆ ಆಟದಲ್ಲಿ ಆಯುಧಗಳು ಬಳಸಿದಂತೆಲ್ಲ ಸವೆಯುತ್ತವೆ. ಕಂಪ್ಯೂಟರಿನಲ್ಲಿ 60 ಚಿತ್ರಗಳ ವೇಗದಿಂದ ಆಡಿದವರ ಕತ್ತಿಯು 30ರ ವೇಗದವರ ಕತ್ತಿಗಿಂತ ಎರಡರಷ್ಟು ಬೇಗ ಸವೆಯುತ್ತಿತ್ತು! ಯಾಕಂದರೆ ಕತ್ತಿಯು ಶತ್ರುವಿನ ದೇಹವನ್ನು ಮುಟ್ಟಿಕೊಂಡಿರುವ ಒಂದೊಂದು ಚಿತ್ರಕ್ಕೂ ಸವೆತದ ಲೆಕ್ಕ ಹಿಡಿಯುತ್ತಿದ್ದರು. 2015ರಲ್ಲಿ ಈ ದೋಷವನ್ನು ತಿದ್ದಿದರು. ಉತ್ತಮ ಯಂತ್ರವಿದ್ದವರೇ ಹೆಚ್ಚು ನಷ್ಟಪಟ್ಟ ಈ ಪ್ರಸಂಗವು, ಒಂದು ಗುಣವನ್ನು ಹೆಚ್ಚಿಸುವಾಗ ಅದಕ್ಕೆ ಕಟ್ಟಿಕೊಂಡಿರುವ ಇನ್ನೊಂದನ್ನು ಮರೆಯಬಾರದೆಂದು ಕಲಿಸುತ್ತದೆ.

6. ನಡುದಾರಿಗಳು

ನಯವನ್ನೂ ವೇಗವನ್ನೂ ರಾಜಿಮಾಡಿಸುವುದಕ್ಕೆ ಯಂತ್ರಶಿಲ್ಪಿಗಳು ಕೆಲವು ದಾರಿಗಳನ್ನು ಕಂಡುಹಿಡಿದಿದ್ದಾರೆ. ಮೊದಲನೆಯದು, ಸಂದರ್ಭವನ್ನು ನೋಡಿ ಏರಿಳಿಯುವ ರೆಸೊಲ್ಯೂಷನ್. 2015ರ ಮೇ ತಿಂಗಳಲ್ಲಿ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಹೊರತಂದ "ದ ವಿಚರ್ 3" ಎಕ್ಸ್‌ಬಾಕ್ಸ್ ಒನ್ ಯಂತ್ರದಲ್ಲಿ 1600×900ಕ್ಕೂ 1920×1080ಕ್ಕೂ ನಡುವೆ ಹೊರೆಯನ್ನು ನೋಡಿಕೊಂಡು ಬದಲಾಗುತ್ತಿತ್ತು. ಇದೇ ಆಟವನ್ನು 2019ರಲ್ಲಿ ಅಂಗೈಯಲ್ಲಿ ಹಿಡಿಯಬಹುದಾದ ನಿಂಟೆಂಡೋ ಸ್ವಿಚ್ ಯಂತ್ರಕ್ಕೆ ಇಳಿಸಿದರು. ಕೈಯಲ್ಲಿ ಹಿಡಿದು ಆಡುವಾಗ ಚಿತ್ರವು ಹೆಚ್ಚೆಂದರೆ 960×540 ಚುಕ್ಕಿಗಳು, ಅಂದರೆ 1920×1080ರ ಕಾಲುಭಾಗ. ಚಿತ್ರವು ಮಸುಕಾದದ್ದು ನಿಜ. ಆದರೂ ಆ ವಿಶಾಲ ಕಥೆಯು ಒಂದು ಅಧ್ಯಾಯವೂ ಬಿಡದೆ ಬಸ್ಸಿನಲ್ಲಿ ಕುಳಿತವರ ಕೈಗೂ ಬಂತು.

ಎರಡನೆಯದು, ಕಡಿಮೆ ಚುಕ್ಕಿಗಳಲ್ಲಿ ಬರೆದ ಚಿತ್ರವನ್ನು ಲೆಕ್ಕದ ಬಲದಿಂದ ಹಿಗ್ಗಿಸಿ, ಹಿಂದಿನ ಚಿತ್ರಗಳಿಂದ ತಿಳಿದುಬರುವ ವಿವರಗಳನ್ನು ಸೇರಿಸುವುದು. ಇದಕ್ಕೆ ಅಪ್‌ಸ್ಕೇಲಿಂಗ್ ಎನ್ನುವರು. ಎನ್ವಿಡಿಯಾ ಸಂಸ್ಥೆಯ ಡಿಎಲ್‌ಎಸ್‌ಎಸ್ 2018ರಲ್ಲಿಯೂ ಎಎಮ್‌ಡಿ ಸಂಸ್ಥೆಯ ಎಫ್‌ಎಸ್‌ಆರ್ 2021ರಲ್ಲಿಯೂ ಬಂದವು. ಚೆನ್ನಾಗಿ ಮಾಡಿದಾಗ ಭೇದವು ಕಷ್ಟದಿಂದ ಕಾಣುವುದು. ಆತುರದಿಂದ ಮಾಡಿದಾಗ ಕೂದಲೂ ಹುಲ್ಲೂ ಕಲಸಿಹೋಗುವುವು. 2024ರ ಫೆಬ್ರವರಿಯಲ್ಲಿ ಬಂದ "ಫೈನಲ್ ಫ್ಯಾಂಟಸಿ 7 ರೀಬರ್ತ್" ಆಟದ ವೇಗಪ್ರಧಾನ ಆಯ್ಕೆಯಲ್ಲಿ ಚಿತ್ರವು ಮಂಜುಮಂಜಾಗಿದೆಯೆಂದು ಆಡುವವರು ದೂರಿದರು. ತಯಾರಿಸಿದವರು ಬೇಗನೆ ತಿದ್ದುಪಡಿಯನ್ನು ಕೊಟ್ಟರು. ಆದುದರಿಂದ ನಯವು ಏನೂ ಅಲ್ಲವೆನ್ನುವುದೂ ತಪ್ಪು.

ಮೂರನೆಯದು, ಎರಡು ನಿಜವಾದ ಚಿತ್ರಗಳ ನಡುವೆ ಊಹೆಯ ಚಿತ್ರವೊಂದನ್ನು ಸೇರಿಸುವುದು. ಇದರಿಂದ ಚಲನೆಯು ಕಣ್ಣಿಗೆ ನುಣುಪಾಗುವುದು. ಆದರೆ ನಡುವಿನದನ್ನು ಊಹಿಸುವುದಕ್ಕೆ ಮುಂದಿನ ಚಿತ್ರವು ಸಿದ್ಧವಾಗುವ ತನಕ ಕಾದಿರಬೇಕಾಗುವುದರಿಂದ ಕೈಯ ಆಜ್ಞೆಗೂ ಪರದೆಯ ಉತ್ತರಕ್ಕೂ ಇರುವ ಅಂತರವು ತಗ್ಗುವುದಿಲ್ಲ. ಸ್ವಲ್ಪ ಹೆಚ್ಚುವುದೂ ಉಂಟು. ಇದು ಕಣ್ಣಿಗೆ ಕೊಟ್ಟ ಉಡುಗೊರೆ, ಕೈಗೆ ಕೊಟ್ಟದ್ದಲ್ಲ.

7. ಆಡುವವಳು ಏನನ್ನು ನೋಡತಕ್ಕದ್ದು

ಮೊದಲು ಆಟದ ಸ್ವಭಾವವನ್ನು ನೋಡಬೇಕು. "ಬಾಲ್ಡರ್ಸ್ ಗೇಟ್ 3" ಆಟದ ಯುದ್ಧವು ಸರದಿಯ ಮೇಲೆ ನಡೆಯುವಂಥದು. ಶತ್ರುವು ನಮ್ಮ ಯೋಚನೆ ಮುಗಿಯುವ ತನಕ ಕಾದಿರುತ್ತಾನೆ. ಇಂಥಲ್ಲಿ ಸಮವಾದ 30 ಚಿತ್ರಗಳು ಸಾಕು. ಉಳಿದ ಶಕ್ತಿಯನ್ನು ಮುಖಭಾವಗಳ ಚೆಲುವಿಗೆ ವೆಚ್ಚಮಾಡಬಹುದು. "ಎಲ್ಡನ್ ರಿಂಗ್" ಆಟದಲ್ಲಾದರೋ ಏಟು ಬೀಳುವ ಕ್ಷಣಕ್ಕೆ ಸರಿಯಾಗಿ ಪಕ್ಕಕ್ಕೆ ಉರುಳಬೇಕು. ಅಲ್ಲಿ ಕೈಯ ಆಜ್ಞೆಯು ತಡವಾದರೆ ಎಷ್ಟು ಸುಂದರವಾದ ಚಿತ್ರವೂ ಸೋಲನ್ನೇ ಸುಂದರವಾಗಿ ತೋರಿಸುವುದು. ಅಲ್ಲಿ ವೇಗಕ್ಕೆ ಮೊದಲ ಮಣೆ.

ಎರಡನೆಯದಾಗಿ ಕಣ್ಣಿಗೂ ಪರದೆಗೂ ಇರುವ ದೂರ. ಸಾಮಾನ್ಯವಾದ ಒಳ್ಳೆಯ ಕಣ್ಣು ಒಂದು ಡಿಗ್ರಿಯ ಅರುವತ್ತನೆಯ ಪಾಲಿನಷ್ಟು ಸೂಕ್ಷ್ಮವನ್ನು ಬೇರೆಮಾಡಿ ಕಾಣಬಲ್ಲದು. 55 ಇಂಚಿನ ಟಿವಿಯ ಅಗಲ ಸುಮಾರು 122 ಸೆಂಟಿಮೀಟರು. ಅದರಲ್ಲಿ 1920 ಚುಕ್ಕಿಗಳಿದ್ದರೆ ಒಂದೊಂದರ ಅಗಲ ಸುಮಾರು 0.63 ಮಿಲಿಮೀಟರು. ಲೆಕ್ಕ ಹಾಕಿದರೆ, ಸುಮಾರು 2.2 ಮೀಟರಿಗಿಂತ ದೂರದಲ್ಲಿ ಕುಳಿತವರಿಗೆ ಆ ಚುಕ್ಕಿಗಳು ಬಿಡಿಬಿಡಿಯಾಗಿ ಕಾಣಲಾರವೆಂದು ಬರುತ್ತದೆ. ಅಷ್ಟು ದೂರದಿಂದ ನೋಡುವವರು ನಾಲ್ಕರಷ್ಟು ಚುಕ್ಕಿಗಳಿಗಾಗಿ ಹಣ ತೆತ್ತರೆ ಅದರ ಹೆಚ್ಚಿನ ಪಾಲು ಕಣ್ಣಿಗೆ ಮುಟ್ಟದೆ ಹೋಗುವುದು. ಮೇಜಿನ ಮೇಲಿನ ಪರದೆಯನ್ನು ಹತ್ತಿರ ಕುಳಿತು ನೋಡುವವರಿಗೆ ಮಾತ್ರ ಲೆಕ್ಕವು ಬೇರೆ.

ಮೂರನೆಯದಾಗಿ ಅಕ್ಷರಗಳು. ಈ ಜಾತಿಯ ಆಟಗಳಲ್ಲಿ ಓದತಕ್ಕದ್ದು ಬಹಳ: ಸಂಭಾಷಣೆ, ಪತ್ರ, ಮದ್ದಿನ ಗುಣ, ಆಯುಧದ ವಿವರ. "ದ ವಿಚರ್ 3" ಬಂದ ಹೊಸತರಲ್ಲಿ ಅಕ್ಷರಗಳು ತೀರ ಸಣ್ಣವೆಂದು ಜನರು ದೂರಿದ ಮೇಲೆ ಅವನ್ನು ದೊಡ್ಡದು ಮಾಡಲಾಯಿತು. ಅನೇಕ ಹೊಸ ಆಟಗಳಲ್ಲಿ ಪರದೆಯ ರೆಸೊಲ್ಯೂಷನನ್ನು ಹಾಗೆಯೇ ಇಟ್ಟುಕೊಂಡು, "ರೆಂಡರ್ ಸ್ಕೇಲ್" ಎಂಬ ಆಯ್ಕೆಯಿಂದ ಒಳಗಿನ ದೃಶ್ಯದ ಚುಕ್ಕಿಗಳನ್ನು ಮಾತ್ರ ತಗ್ಗಿಸಲು ಬರುತ್ತದೆ. ಹೀಗೆ ಮಾಡಿದರೆ ಬೆಟ್ಟವು ತುಸು ಮಸುಕಾದರೂ ಅಕ್ಷರಗಳು ಸ್ಪಷ್ಟವಾಗಿ ಉಳಿಯುವುವು. ಹಳೆಯ ಯಂತ್ರವುಳ್ಳವರು ಮೊದಲು ಹಿಡಿಯತಕ್ಕ ದಾರಿ ಇದು. ಅದರ ಬಳಿಕ ನೆರಳುಗಳ ಸೂಕ್ಷ್ಮತೆಯನ್ನು ಒಂದು ಮೆಟ್ಟಿಲು ಇಳಿಸಿ, ಕೊನೆಗೆ ವೇಗಕ್ಕೆ ಯಂತ್ರವು ಸದಾ ಸಲಿಸಬಲ್ಲ ಒಂದು ಮೇಲ್ಮಿತಿಯನ್ನು ಇಡುವುದು ಲೇಸು. 30ಕ್ಕೂ 55ಕ್ಕೂ ನಡುವೆ ತೂಗಾಡುವ ವೇಗಕ್ಕಿಂತ ಕದಲದ 30 ಕಣ್ಣಿಗೆ ಹಿತ. ಚಲನೆಯು ಎಡವುತ್ತಿದ್ದರೆ ಕೆಲವರಿಗೆ ತಲೆಸುತ್ತೂ ಬರುವುದುಂಟು. ಅಂಥವರು ಸಮತೆಯನ್ನೇ ಮುಖ್ಯವಾಗಿ ಎಣಿಸಬೇಕು.

8. ಮುಗಿವಿನ ಮಾತು

ಈ ವಿಚಾರದಿಂದ ನಮಗೆ ತಿಳಿದದ್ದೇನು? ಚುಕ್ಕಿಗಳು, ವೇಗ, ಸಮತೆ, ಕೈಗೆ ದೊರೆಯುವ ಉತ್ತರ ಇವೆಲ್ಲ ಒಂದೇ ಥೈಲಿಯಿಂದ ವೆಚ್ಚವಾಗುವ ಹಣ. ಥೈಲಿಯು ಕೆಲವರದು ದೊಡ್ಡದು, ಕೆಲವರದು ಸಣ್ಣದು. ಆದರೆ ತಳವಿಲ್ಲದ ಥೈಲಿಯು ಯಾರಲ್ಲಿಯೂ ಇಲ್ಲ. ದೊಡ್ಡ ಥೈಲಿಯನ್ನು ವಿವೇಕವಿಲ್ಲದೆ ಚೆಲ್ಲಿದವಳು ಮುಗ್ಗರಿಸುವ 4ಕೆ ಚಿತ್ರವನ್ನು ನೋಡುತ್ತ ಸಿಡುಕುವಳು. ಸಣ್ಣದನ್ನು ಅರಿತು ವೆಚ್ಚಮಾಡಿದವಳು 720ರ ಚಿತ್ರದಲ್ಲಿ ಇಡೀ ರಾಜ್ಯವನ್ನು ಸುತ್ತಿ ಬರುವಳು. ಆಟದ ಕಥೆಯೂ ಅಲ್ಲಿಯ ಸಂಗಡಿಗರೂ ಅಲ್ಲಿ ಮಾಡಬೇಕಾದ ಕಠಿಣ ನಿರ್ಧಾರಗಳೂ ಇಬ್ಬರಿಗೂ ಒಂದೇ.

ಹಾಗಾದರೆ, ಸೋದರಿಯರೇ, ಹೊಸ ಯಂತ್ರವನ್ನು ಬೇಡುವ ಮೊದಲು ಇದ್ದ ಯಂತ್ರದ ಸೆಟ್ಟಿಂಗ್ಸ್ ಪುಟವನ್ನು ಒಂದು ಸಂಜೆ ಕುಳಿತು ಶ್ರದ್ಧೆಯಿಂದ ಓದಿರಿ. ಒಂದು ಸಲಕ್ಕೆ ಒಂದೇ ಆಯ್ಕೆಯನ್ನು ಬದಲಿಸಿ, ಅದರ ಫಲವನ್ನು ಕಣ್ಣಿನಿಂದಲೂ ಕೈಯಿಂದಲೂ ಪರೀಕ್ಷಿಸಿ, ಕಾಗದದಲ್ಲಿ ಬರೆದುಕೊಳ್ಳಿರಿ. ಪ್ರಯೋಗಶಾಲೆಯಲ್ಲಿ ನೀವು ಕಲಿಯುವ ಕ್ರಮವು ಇದೇ ಅಲ್ಲವೇ? ಹೀಗೆ ಮಾಡಿದವಳಿಗೆ ಆಟವೂ ದಕ್ಕುವುದು; ಮಿತವಾದ ಸಾಧನದಿಂದ ಹೆಚ್ಚಿನ ಪ್ರಯೋಜನವನ್ನು ಪಡೆಯುವ ವಿದ್ಯೆಯೂ, ಆಟ ಮುಗಿದ ಮೇಲೆ ಉಳಿಯುವಂಥದು, ಅವಳಿಗೆ ದಕ್ಕುವುದು.